ಲೆಕ್ಕಪತ್ರದ ಕಚೇರಿಯಿಂದ ಬೆಳಕಿನ ವಿಭಾಗಕ್ಕೆ: ಸರ್ ಸಿ.ವಿ. ರಾಮನ್

ಪ್ರತಿ ವರ್ಷ ಫೆಬ್ರವರಿ 28 ಬಂದಾಗ ನಮ್ಮ ದೇಶದಲ್ಲಿ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತಾರೆ. ಕಾಲೇಜುಗಳಲ್ಲಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಮಾದರಿಗಳನ್ನು ಮಾಡಿ ಇಡುತ್ತಾರೆ. ನಮ್ಮಂಥ ವಾಣಿಜ್ಯ ವಿಭಾಗದವರು ನೋಡಿ ಚಪ್ಪಾಳೆ ತಟ್ಟಿ ಬರುತ್ತೇವೆ. ಅದು ನಮ್ಮ ಹಬ್ಬವಲ್ಲ ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೇವೆ. ಆದರೆ ಆ ದಿನ ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಆ ಮನುಷ್ಯ ತನ್ನ ಜೀವನದ ಮೊದಲ ಹತ್ತು ವರ್ಷ ಕೆಲಸ ಮಾಡಿದ್ದು ಲೆಕ್ಕಪತ್ರ ಇಲಾಖೆಯಲ್ಲಿ. ಬಿಲ್ಲು, ವೋಚರು, ಖಜಾನೆಯ ಲೆಕ್ಕ ಇವುಗಳ ನಡುವೆಯೇ ಅವರು ಬೆಳಕನ್ನೂ ಶಬ್ದವನ್ನೂ ಅಧ್ಯಯನ ಮಾಡಿದರು. ನಂತರ ನಮ್ಮ ಬೆಂಗಳೂರಿಗೆ ಬಂದು ಒಂದು ಭೌತಶಾಸ್ತ್ರ ವಿಭಾಗವನ್ನೇ ಕಟ್ಟಿದರು. ಆ ವಿಭಾಗದ ಕಥೆಯನ್ನೂ ಅದನ್ನು ಕಟ್ಟಿದವರ ಕಥೆಯನ್ನೂ ಒಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ.

ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿದ್ದರಿಂದ ರಾಮನ್ ಬೆಳೆದದ್ದು ಅಲ್ಲಿ. ಮನೆಯಲ್ಲಿ ಹಣ ಹೆಚ್ಚು ಇರಲಿಲ್ಲ, ಪುಸ್ತಕಗಳು ಇದ್ದವು. ಹುಡುಗ ಓದಿನಲ್ಲಿ ಬಹಳ ಮುಂದಿದ್ದ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿದಾಗ ಅವರ ವಯಸ್ಸು ಇನ್ನೂ ಹದಿನಾರು ತುಂಬಿರಲಿಲ್ಲ. ಅಂದರೆ ನಾವು ಪಿಯುಸಿಗೆ ಅರ್ಜಿ ಹಾಕುವ ವಯಸ್ಸು. 1906ರಲ್ಲಿ ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಬಂತು. ಬೆಳಕು ಒಂದು ಕಿರಿದಾದ ಸಂದಿಯನ್ನು ಓರೆಯಾಗಿ ದಾಟುವಾಗ ಮೂಡುವ ಪಟ್ಟೆಗಳು ಅದರ ವಿಷಯ. ಆಗ ಅವರಿಗೆ ಹದಿನೆಂಟು ವರ್ಷ.

ಇಷ್ಟು ಬುದ್ಧಿವಂತ ಹುಡುಗ ವಿಜ್ಞಾನಿಯಾಗದೆ ಲೆಕ್ಕದ ಅಧಿಕಾರಿಯಾಗಿದ್ದು ಏಕೆ? ಕಾರಣ ಸರಳ. ಆಗ ಭಾರತದಲ್ಲಿ ಭಾರತೀಯನೊಬ್ಬ ಸಂಶೋಧನೆ ಮಾಡಿಕೊಂಡು ಸಂಸಾರ ನಡೆಸಲು ದಾರಿ ಇರಲಿಲ್ಲ. ಉನ್ನತ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಆದರೆ ಪರೀಕ್ಷಿಸಿದ ವೈದ್ಯರು ಅಲ್ಲಿನ ಚಳಿಯನ್ನು ಈ ಶರೀರ ತಡೆಯಲಾರದು ಎಂದರು. ಹಾಗಾಗಿ ರಾಮನ್ ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆದರು. 1907ರಲ್ಲಿ ಅದರಲ್ಲಿ ಮೊದಲ ಸ್ಥಾನ ಪಡೆದರು. ಅದೇ ವರ್ಷ ಲೋಕಸುಂದರಿ ಅವರನ್ನು ಮದುವೆಯಾಗಿ ಕಲ್ಕತ್ತಾಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ಒಳ್ಳೆಯ ಸಂಬಳ, ದೊಡ್ಡ ಹುದ್ದೆ. ಆ ಕಾಲದ ಯಾವ ತಂದೆ ತಾಯಿಯಾದರೂ ಇದಕ್ಕಿಂತ ಹೆಚ್ಚು ಬೇಡುತ್ತಿರಲಿಲ್ಲ. ಈ ಕಾಲದವರೂ ಬೇಡುವುದಿಲ್ಲ.

ಕಲ್ಕತ್ತಾದ ಬೌಬಜಾರ್ ರಸ್ತೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆ ಇತ್ತು. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಜನರಿಂದ ಚಂದಾ ಎತ್ತಿ ಕಟ್ಟಿದ ಸಂಸ್ಥೆ ಅದು. ಕಟ್ಟಡ ಇತ್ತು, ಉಪಕರಣಗಳು ಇದ್ದವು, ಉಪಯೋಗಿಸುವವರು ಮಾತ್ರ ವಿರಳ. ರಾಮನ್ ಕಚೇರಿಗೆ ಹೋಗುವ ಮುಂಚೆ ಬೆಳಿಗ್ಗೆ ಅಲ್ಲಿ ಕೆಲಸ ಮಾಡುತ್ತಿದ್ದರು. ಕಚೇರಿ ಮುಗಿದ ಮೇಲೆ ಮತ್ತೆ ಅಲ್ಲಿಗೆ ಬಂದು ರಾತ್ರಿಯವರೆಗೆ ಇರುತ್ತಿದ್ದರು. ವೀಣೆ, ತಬಲಾ, ಮೃದಂಗಗಳ ನಾದದ ಮೇಲೂ ಬೆಳಕಿನ ಮೇಲೂ ಅವರ ಲೇಖನಗಳು ವಿದೇಶಿ ಪತ್ರಿಕೆಗಳಲ್ಲಿ ಬಂದವು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. 1911ರಲ್ಲಿ ಕಲ್ಕತ್ತಾಗೆ ಮರಳಿದರು. ಸರ್ಕಾರದ ಕೆಲಸದಲ್ಲೂ ಅವರು ಹಿಂದೆ ಬೀಳಲಿಲ್ಲ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಸರ್ ಆಶುತೋಷ್ ಮುಖರ್ಜಿ ಅವರು ರಾಮನ್‌ಗೆ ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕ ಹುದ್ದೆಯನ್ನು ಕೊಟ್ಟರು. ಅದಕ್ಕೆ ಹೋದರೆ ಸರ್ಕಾರಿ ಹುದ್ದೆಗಿಂತ ಸಂಬಳ ಬಹಳ ಕಡಿಮೆ. ಮುಂದೆ ಬರಬಹುದಾದ ಬಡ್ತಿಗಳೂ ಹೋಗುತ್ತವೆ. ಲಾಭ ನಷ್ಟದ ಪಟ್ಟಿ ಮಾಡಿದರೆ ಇದು ನಷ್ಟದ ವ್ಯವಹಾರ. ಲೆಕ್ಕವನ್ನೇ ವೃತ್ತಿ ಮಾಡಿಕೊಂಡ ರಾಮನ್‌ಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ರಾಜೀನಾಮೆ ಕೊಟ್ಟು ಪ್ರಾಧ್ಯಾಪಕರಾದರು.

1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಅವರು ಮೊದಲ ಬಾರಿ ಇಂಗ್ಲೆಂಡಿಗೆ ಹೋದರು. ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ನೋಡಿದರು. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬ ಎಂದು ಲಾರ್ಡ್ ರೇಲಿ ಎಂಬ ದೊಡ್ಡ ವಿಜ್ಞಾನಿ ಹೇಳಿದ್ದರು. ಎಲ್ಲರೂ ಒಪ್ಪಿದ್ದರು. ರಾಮನ್ ತಮ್ಮ ಬಳಿ ಇದ್ದ ನಿಕಾಲ್ ಪಟ್ಟಕದ ಮೂಲಕ ನೋಡಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದರು. ಆಗಲೂ ಸಮುದ್ರ ನೀಲಿಯಾಗಿಯೇ ಕಂಡಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಒಂದು ಸಣ್ಣ ಗಾಜಿನಂಥ ತುಂಡಿನಿಂದ ಒಂದು ದೊಡ್ಡ ಹೆಸರಿನ ಮಾತು ತಿದ್ದಿತು.

ಇಲ್ಲಿ ನನಗೆ ಇಬ್ನ್ ಅಲ್-ಹೈಥಮ್ ನೆನಪಾಗುತ್ತಾರೆ. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ಕಿತಾಬ್ ಅಲ್-ಮನಾಝಿರ್ ಎಂಬ ದೃಗ್ವಿಜ್ಞಾನದ ಗ್ರಂಥವನ್ನು ಬರೆದರು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್, ಟಾಲೆಮಿ ಮೊದಲಾದ ಗ್ರೀಕರು ನಂಬಿದ್ದರು. ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು ಇಬ್ನ್ ಅಲ್-ಹೈಥಮ್ ಪ್ರಯೋಗಗಳಿಂದ ವಾದಿಸಿದರು. ಹಳೆಯವರು ಎಷ್ಟೇ ದೊಡ್ಡವರಾದರೂ ಅವರ ಮಾತನ್ನು ಪರೀಕ್ಷಿಸದೆ ಒಪ್ಪಬಾರದು ಎಂಬುದು ಅವರ ನಿಲುವು. ಆ ಗ್ರಂಥ ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನವರಿಗೆ ಪಾಠವಾಯಿತು. ನಮ್ಮ ಮನೆಗಳಲ್ಲಿ ಬೆಳಕಿಗೆ ನೂರ್ ಎನ್ನುತ್ತೇವೆ, ಅರಿವಿಗೆ ಇಲ್ಮ್ ಎನ್ನುತ್ತೇವೆ. ಒಂಬೈನೂರು ವರ್ಷಗಳ ಅಂತರದಲ್ಲಿ ಬಸ್ರಾದವರೊಬ್ಬರೂ ತಿರುಚಿರಾಪಳ್ಳಿಯವರೊಬ್ಬರೂ ಇವೆರಡನ್ನೂ ಒಂದೇ ರೀತಿಯಲ್ಲಿ ಹುಡುಕಿದರು ಎಂದು ನನಗೆ ಅನಿಸುತ್ತದೆ.

ಕಲ್ಕತ್ತಾಗೆ ಮರಳಿದ ರಾಮನ್ ತಮ್ಮ ವಿದ್ಯಾರ್ಥಿಗಳೊಂದಿಗೆ ದ್ರವಗಳಲ್ಲಿ ಬೆಳಕು ಚದುರುವುದನ್ನು ಏಳು ವರ್ಷ ಅಧ್ಯಯನ ಮಾಡಿದರು. 1928ರ ಫೆಬ್ರವರಿ 28ರಂದು ಕೆ.ಎಸ್. ಕೃಷ್ಣನ್ ಅವರ ಜೊತೆಗಿನ ಕೆಲಸದಲ್ಲಿ ಸ್ಪಷ್ಟ ಉತ್ತರ ಸಿಕ್ಕಿತು. ವಾಣಿಜ್ಯದ ಭಾಷೆಯಲ್ಲಿ ಅದನ್ನು ಹೀಗೆ ಹೇಳಬಹುದು. ಬೆಳಕಿನ ಕಣವೊಂದು ಅಣುವಿಗೆ ಬಡಿದಾಗ ಸಾಮಾನ್ಯವಾಗಿ ತಂದಷ್ಟೇ ಶಕ್ತಿಯೊಂದಿಗೆ ಹೊರಡುತ್ತದೆ. ಆದರೆ ಚದುರುವ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ ಅಣುವಿನೊಂದಿಗೆ ವ್ಯವಹಾರ ಮಾಡುತ್ತದೆ. ಸ್ವಲ್ಪ ಶಕ್ತಿಯನ್ನು ಅಣುವಿಗೆ ಕೊಟ್ಟರೆ ಅದರ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಅಣುವಿನಿಂದ ಪಡೆದರೆ ನೀಲಿಯ ಕಡೆಗೆ ಸರಿಯುತ್ತದೆ. ಬೆಳಕಿನ ಖಾತೆಯಲ್ಲಿ ಎಷ್ಟು ಡೆಬಿಟ್ ಆಯಿತೋ ಅಣುವಿನ ಖಾತೆಯಲ್ಲಿ ಅಷ್ಟೇ ಕ್ರೆಡಿಟ್. ಪೈಸೆಯೂ ತಪ್ಪುವುದಿಲ್ಲ. ಈ ವ್ಯತ್ಯಾಸ ಒಂದೊಂದು ವಸ್ತುವಿಗೂ ಬೇರೆ ಬೇರೆ. ಆದ್ದರಿಂದ ಹೊರಬಂದ ಬೆಳಕನ್ನು ನೋಡಿ ಒಳಗಿರುವ ಅಣು ಯಾವುದು ಎಂದು ಹೇಳಬಹುದು. ಇಂದು ನಕಲಿ ಔಷಧ, ನಕಲಿ ರತ್ನ, ಸ್ಫೋಟಕಗಳನ್ನು ಪತ್ತೆ ಹಚ್ಚಲು ಇದನ್ನೇ ಬಳಸುತ್ತಾರೆ. ಇದಕ್ಕೆ ರಾಮನ್ ಪರಿಣಾಮ ಎಂದು ಹೆಸರು.

ಈ ಆವಿಷ್ಕಾರದ ಬಗ್ಗೆ ರಾಮನ್ ವಿವರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಊರಿನಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅವರು ಮಾತನಾಡಿದರು. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಏಷ್ಯನ್ನರು ಅವರು.

ಈಗ ಬೆಂಗಳೂರಿನ ವಿಭಾಗದ ಕಥೆಗೆ ಬರೋಣ. ಜಮ್‌ಶೇಟ್‌ಜಿ ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನ ಕೊಟ್ಟ ಸುಮಾರು 371 ಎಕರೆ ಜಮೀನಿನಿಂದ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಹಳೆಯ ಬೆಂಗಳೂರಿನವರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಬನಶಂಕರಿಯಲ್ಲೋ ಜಯನಗರದಲ್ಲೋ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮಲ್ಲೇಶ್ವರದ ಕಡೆ ಇಳಿದು ಅಲ್ಲಿಗೆ ಹೋಗಬಹುದು. ಆ ಸಂಸ್ಥೆಯಲ್ಲಿ ರಸಾಯನಶಾಸ್ತ್ರ, ಜೀವರಸಾಯನ, ವಿದ್ಯುತ್ ತಂತ್ರಜ್ಞಾನ ಇದ್ದವು. ಭೌತಶಾಸ್ತ್ರ ವಿಭಾಗ ಇರಲಿಲ್ಲ. 1933ರಲ್ಲಿ ರಾಮನ್ ಅದರ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಭೌತಶಾಸ್ತ್ರ ವಿಭಾಗ ಶುರುವಾಯಿತು. ಬೇಕಾದ ಉಪಕರಣಗಳನ್ನು ಇಲ್ಲೇ ತಯಾರಿಸಲು ಕಾರ್ಯಾಗಾರವನ್ನು ಬಲಪಡಿಸಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ವಿದ್ಯಾರ್ಥಿಗಳ ಲೇಖನಗಳು ವಿದೇಶದ ಅಂಚೆಗೆ ಕಾಯದೆ ಇಲ್ಲೇ ಅಚ್ಚಾಗುವಂತೆ ಮಾಡಿದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಆ ಕಾಲದಲ್ಲೇ, 1934ರಲ್ಲಿ, ಮೈಸೂರು ಸಂಸ್ಥಾನ ಈ ಅಕಾಡೆಮಿಗೆ ಬೆಂಗಳೂರಿನಲ್ಲಿ ಜಾಗ ಕೊಟ್ಟಿತು.

ಹೊಸ ವಿಭಾಗದಿಂದ ಬೇಗನೆ ಫಲ ಬಂತು. ಎನ್.ಎಸ್. ನಾಗೇಂದ್ರನಾಥ್ ಎಂಬ ಯುವಕನೊಂದಿಗೆ ರಾಮನ್ 1935-36ರಲ್ಲಿ ಸಾಲಾಗಿ ಲೇಖನಗಳನ್ನು ಪ್ರಕಟಿಸಿದರು. ದ್ರವದಲ್ಲಿ ಶಬ್ದದ ಅಲೆ ಸಾಗುವಾಗ ದ್ರವ ಒಂದು ಕಡೆ ದಟ್ಟವಾಗಿ ಮತ್ತೊಂದು ಕಡೆ ತೆಳುವಾಗಿ ಪದರ ಪದರವಾಗುತ್ತದೆ. ಅದರ ಮೂಲಕ ಹಾಯುವ ಬೆಳಕು ಜಾಲರಿಯ ಮೂಲಕ ಹೋದಂತೆ ಹಲವು ಕಿರಣಗಳಾಗಿ ಒಡೆಯುತ್ತದೆ. ಇದು ಏಕೆ, ಹೇಗೆ ಎಂದು ಅವರು ಗಣಿತದಿಂದ ತೋರಿಸಿದರು. ಲೇಸರ್ ಕಿರಣವನ್ನು ಶಬ್ದದಿಂದ ನಿಯಂತ್ರಿಸುವ ಇಂದಿನ ಸಾಧನಗಳ ಪಾಠದಲ್ಲಿ ರಾಮನ್-ನಾಥ್ ಎಂಬ ಹೆಸರು ಈಗಲೂ ಬರುತ್ತದೆ.

ಆದರೆ ಕಥೆ ಇಷ್ಟು ಸಿಹಿಯಾಗಿ ಮುಂದುವರಿಯಲಿಲ್ಲ. ಹಿಟ್ಲರನ ಜರ್ಮನಿಯಲ್ಲಿ ಯಹೂದಿ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡಾಗ ಅಂಥ ವಿಜ್ಞಾನಿಗಳನ್ನು ಬೆಂಗಳೂರಿಗೆ ಕರೆತರಲು ರಾಮನ್ ಪ್ರಯತ್ನಿಸಿದರು. ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಸುಮಾರು ಆರು ತಿಂಗಳು ಇಲ್ಲಿದ್ದರು. ಅವರನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಪ್ರಯತ್ನ ಸಫಲವಾಗಲಿಲ್ಲ. ಅವರು ಎಡಿನ್‌ಬರೋಗೆ ಹೋದರು, ಮುಂದೆ 1954ರಲ್ಲಿ ನೊಬೆಲ್ ಪಡೆದರು. ಅದೇ ಹೊತ್ತಿಗೆ ಸಂಸ್ಥೆಯ ಒಳಗೆ ಹಣದ ಜಗಳ ಎದ್ದಿತು. ಹೊಸ ಭೌತಶಾಸ್ತ್ರ ವಿಭಾಗಕ್ಕೆ ಹಣ ಹರಿಯುತ್ತಿದೆ, ಹಳೆಯ ವಿಭಾಗಗಳಿಗೆ, ಮುಖ್ಯವಾಗಿ ರಸಾಯನಶಾಸ್ತ್ರಕ್ಕೆ, ಕಡಿಮೆಯಾಗುತ್ತಿದೆ ಎಂಬ ದೂರು. 1936ರಲ್ಲಿ ಸರ್ ಜೇಮ್ಸ್ ಅರ್ವೈನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಅದರ ವರದಿ ರಾಮನ್ ಪರವಾಗಿರಲಿಲ್ಲ. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು.

ಇದನ್ನು ಓದಿದಾಗ ನಾನು ಬಹಳ ಯೋಚಿಸಿದೆ. ಹತ್ತು ವರ್ಷ ಸರ್ಕಾರದ ಲೆಕ್ಕ ನೋಡಿದ ಮನುಷ್ಯ ಬಜೆಟ್ಟಿನ ವಿಷಯದಲ್ಲೇ ಅಧಿಕಾರ ಕಳೆದುಕೊಂಡರು. ತಪ್ಪು ಒಂದೇ ಕಡೆ ಇತ್ತು ಎಂದು ಹೇಳುವುದು ಕಷ್ಟ. ಒಂದು ಸಂಸ್ಥೆಯ ಹಣ ಸೀಮಿತ. ಒಂದು ಕಡೆ ಹೆಚ್ಚಿಸಿದರೆ ಮತ್ತೊಂದು ಕಡೆ ಕಡಿಮೆಯಾಗುತ್ತದೆ. ರಸಾಯನಶಾಸ್ತ್ರದವರಿಗೂ ಅವರ ವಿದ್ಯಾರ್ಥಿಗಳಿದ್ದರು, ಅವರ ಪ್ರಯೋಗಗಳಿದ್ದವು. ರಾಮನ್ ಅವರಿಗೆ ತಮ್ಮ ಗುರಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಇತರರನ್ನು ಒಪ್ಪಿಸಿ ಮುಂದೆ ಹೋಗುವ ತಾಳ್ಮೆ ಅವರಲ್ಲಿ ಕಡಿಮೆ ಇತ್ತು. ಆದರೆ ಅವರು ಅವಸರ ಮಾಡದಿದ್ದರೆ ಆ ವಿಭಾಗ ಅಷ್ಟು ಬೇಗ ನಿಲ್ಲುತ್ತಿತ್ತೇ ಎಂಬುದೂ ಪ್ರಶ್ನೆ.

ಅಧಿಕಾರ ಹೋದ ಮೇಲೂ ವಿಭಾಗದ ಕೆಲಸ ನಿಲ್ಲಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಇದ್ದವರ ಹೆಸರು ನೋಡಿದರೆ ಆಶ್ಚರ್ಯವಾಗುತ್ತದೆ. ಮಹಾಯುದ್ಧದಿಂದ ಇಂಗ್ಲೆಂಡಿಗೆ ಮರಳಲಾಗದ ಹೋಮಿ ಭಾಭಾ ಅಲ್ಲಿ ರೀಡರ್ ಆಗಿ ಸೇರಿದರು. ವಿಕ್ರಮ್ ಸಾರಾಭಾಯಿ ಅಲ್ಲಿ ವಿಶ್ವಕಿರಣಗಳ ಅಧ್ಯಯನ ಮಾಡಿದರು. ವಿದ್ಯುತ್ ವಿಭಾಗಕ್ಕೆ ಸೇರಿದ್ದ ಜಿ.ಎನ್. ರಾಮಚಂದ್ರನ್ ಭೌತಶಾಸ್ತ್ರಕ್ಕೆ ಬಂದರು. ನಮ್ಮ ದೇಶದ ಅಣುಶಕ್ತಿ, ಬಾಹ್ಯಾಕಾಶ, ಜೀವಭೌತಶಾಸ್ತ್ರ ಮೂರಕ್ಕೂ ಹಾದಿ ಹಾಕಿದವರು ಒಂದೇ ವಿಭಾಗದ ಕಾರಿಡಾರಿನಲ್ಲಿ ಓಡಾಡಿದ್ದಾರೆ.

ಅವರಲ್ಲಿ ಅನ್ನಾ ಮಣಿ ಅವರ ಕಥೆಯನ್ನು ನಮ್ಮ ಕಾಲೇಜಿನ ಹುಡುಗಿಯರು ತಿಳಿಯಲೇಬೇಕು. ಹುಡುಗರೂ ತಿಳಿಯಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣು ಎಂಬ ಕಾರಣಕ್ಕೆ ರಾಮನ್ ನಿರಾಕರಿಸಿದ್ದರು. ಆಕೆ ಪಟ್ಟು ಹಿಡಿದ ಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡರು. ಆಕೆ ಓದಿ ತೋರಿಸಿದ ಮೇಲೆ ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಕಮಲಾ ಸೊಹೋನಿ ಎಂದು ಹೆಸರಾದ ಅವರು ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದರು. ಹಾಗೆ ತೆರೆದ ಬಾಗಿಲಿನಿಂದ 1940ರಲ್ಲಿ ತಿರುವಾಂಕೂರಿನ ಅನ್ನಾ ಮಣಿ ಭೌತಶಾಸ್ತ್ರ ವಿಭಾಗಕ್ಕೆ ಬಂದರು. ಆಗ ರಾಮನ್ ವಜ್ರಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವಜ್ರಗಳು ಬೆಳಕನ್ನು ಹೇಗೆ ಹೀರುತ್ತವೆ, ಹೇಗೆ ಹೊಳೆಯುತ್ತವೆ ಎಂದು ಅನ್ನಾ ಮಣಿ ದಾಖಲಿಸಿದರು. ಒಂದೊಂದು ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಿತ್ತು. ಅವರು ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದರು. ಐದು ಲೇಖನಗಳನ್ನು ಪ್ರಕಟಿಸಿದರು.

ಆಗ ಈ ಸಂಸ್ಥೆಗೆ ಪಿಎಚ್.ಡಿ. ಕೊಡುವ ಅಧಿಕಾರ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸಮಾನ ಎಂಬ ಮಾನ್ಯತೆ ಬಂದದ್ದು 1958ರಲ್ಲಿ. ಆದ್ದರಿಂದ ಅನ್ನಾ ಮಣಿ 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ಇಂದಿಗೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಅವರು ಅಲ್ಲಿಗೇ ನಿಲ್ಲಲಿಲ್ಲ. ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಭಾರತದಲ್ಲೇ ತಯಾರಿಸುವಂತೆ ಮಾಡಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ನಿಯಮ ಒಂದು ಕಾಗದವನ್ನು ತಡೆಯಿತು. ಕೆಲಸವನ್ನು ತಡೆಯಲಾಗಲಿಲ್ಲ.

1948ರಲ್ಲಿ ರಾಮನ್ ನಿವೃತ್ತರಾದರು. ಐಐಎಸ್‌ಸಿಯ ಭೌತಶಾಸ್ತ್ರ ವಿಭಾಗ ಅವರ ಶಿಷ್ಯ ಆರ್.ಎಸ್. ಕೃಷ್ಣನ್ ಅವರ ಕೈಗೆ ಹೋಯಿತು. ರಾಮನ್ ಪರಿಣಾಮದಿಂದ ಹರಳುಗಳನ್ನು ಪರೀಕ್ಷಿಸುವ ಕೆಲಸವನ್ನು ಅವರು ಅಲ್ಲಿ ಬೆಳೆಸಿದರು. ರಾಮನ್ ಮಾತ್ರ ಮನೆಯಲ್ಲಿ ಕೂರಲಿಲ್ಲ. ಅಕಾಡೆಮಿಗೆ ಸಿಕ್ಕಿದ್ದ ಜಾಗದಲ್ಲಿ, ಮೇಖ್ರಿ ವೃತ್ತದ ಬಳಿ, ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಹಣಕ್ಕಾಗಿ ದಾನಿಗಳನ್ನು ಕೇಳಿದರು. ಹಳೆಯ ವಿದ್ಯಾರ್ಥಿಯೊಬ್ಬರೊಂದಿಗೆ ಸೇರಿ ರಾಸಾಯನಿಕ ಉದ್ಯಮವನ್ನೂ ಶುರು ಮಾಡಿ, ಲಾಭವನ್ನು ಸಂಸ್ಥೆಗೆ ಬಳಸಿದರು. ಸರ್ಕಾರದ ಹಣ ಬಂದರೆ ವರದಿಗಳೂ ಹಸ್ತಕ್ಷೇಪವೂ ಬರುತ್ತವೆ ಎಂದು ಅವರು ದೂರವೇ ಇದ್ದರು. 1937ರ ಪಾಠವನ್ನು ಅವರು ಮರೆತಿರಲಿಲ್ಲ ಎಂದು ಕಾಣುತ್ತದೆ.

ಆ ಸಣ್ಣ ಸಂಸ್ಥೆಯಲ್ಲಿ 1956ರಲ್ಲಿ ಅವರ ಸೋದರಳಿಯ ಎಸ್. ಪಂಚರತ್ನಂ, ಇನ್ನೂ ಇಪ್ಪತ್ತೆರಡರ ಯುವಕ, ಬೆಳಕಿನ ಬಗ್ಗೆ ಒಂದು ವಿಚಿತ್ರ ಸಂಗತಿ ಕಂಡರು. ಬೆಳಕಿನ ಕಂಪನದ ದಿಕ್ಕನ್ನು ಹಂತ ಹಂತವಾಗಿ ಬದಲಿಸಿ ಮತ್ತೆ ಮೊದಲಿನ ಸ್ಥಿತಿಗೆ ತಂದರೂ ಅದರ ಅಲೆ ಸ್ವಲ್ಪ ಮುಂದೆ ಹಿಂದೆ ಆಗಿರುತ್ತದೆ. ಭೂಮಿಯನ್ನು ಒಂದು ಸುತ್ತು ಹಾಕಿ ಮನೆಗೆ ಮರಳಿದವನ ಲೆಕ್ಕದಲ್ಲಿ ಒಂದು ದಿನ ವ್ಯತ್ಯಾಸ ಬರುವಂತೆ. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. ಪಂಚರತ್ನಂ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ 35ನೇ ವಯಸ್ಸಿನಲ್ಲಿ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕಲ್ ಬೆರ್ರಿ ಇದೇ ಬಗೆಯ ತತ್ವವನ್ನು ಬೇರೆ ದಾರಿಯಲ್ಲಿ ಕಂಡ ಮೇಲೆ ಬೆಂಗಳೂರಿನ ಹಳೆಯ ಲೇಖನ ಜಗತ್ತಿಗೆ ನೆನಪಾಯಿತು. ಈಗ ಅದಕ್ಕೆ ಪಂಚರತ್ನಂ ಹೆಸರಿದೆ. ಅವರ ಅಣ್ಣ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವನ್ನು ವಹಿಸಿಕೊಂಡು, ದ್ರವ ಸ್ಫಟಿಕಗಳ ಅಧ್ಯಯನಕ್ಕೆ ಹೆಸರಾದರು. ಹೀಗೆ ಒಂದು ವಿಭಾಗದಿಂದ ಇನ್ನೊಂದು ವಿಭಾಗ, ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಂಡಿತು.

ಕೊನೆಯ ವರ್ಷಗಳಲ್ಲಿ ರಾಮನ್ ಹೂವುಗಳ ಬಣ್ಣ ಮತ್ತು ಕಣ್ಣಿನ ದೃಷ್ಟಿಯ ಬಗ್ಗೆ ಅಧ್ಯಯನ ಮಾಡಿದರು. 1954ರಲ್ಲಿ ಭಾರತರತ್ನ ಬಂದಿತ್ತು. 1970ರ ನವೆಂಬರ್ 21ರಂದು ಅವರು ನಿಧನರಾದರು. ಅವರ ಅಂತ್ಯಕ್ರಿಯೆ ಸಂಸ್ಥೆಯ ತೋಟದಲ್ಲೇ ನಡೆಯಿತು. ಅಲ್ಲಿ ಕಲ್ಲಿನ ಸ್ಮಾರಕವಿಲ್ಲ, ಒಂದು ಮರವಿದೆ.

ಈ ಜೀವನದಿಂದ ನಮಗೆ ಏನು ಪಾಠ? ರಾಮನ್ ದೋಷವಿಲ್ಲದ ಮನುಷ್ಯ ಅಲ್ಲ. ಹಠ ಇತ್ತು, ಸಿಟ್ಟು ಇತ್ತು, ಹೆಣ್ಣುಮಕ್ಕಳ ವಿಷಯದಲ್ಲಿ ಮೊದಲು ತಪ್ಪಾದ ನಿರ್ಣಯವೂ ಇತ್ತು. ಆದರೆ ಅವರು ಮಾಡಿದ ಹೂಡಿಕೆಯನ್ನು ನೋಡಿ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಆಸ್ತಿ ಇದೆ. ಕೈಗೆ ಸಿಗದು, ಕಣ್ಣಿಗೆ ಕಾಣದು, ಆದರೂ ಬೆಲೆಯುಳ್ಳದ್ದು. ಒಂದು ವಿಭಾಗದ ನಿಜವಾದ ಆಸ್ತಿ ಅದರ ಕಟ್ಟಡ, ಉಪಕರಣಗಳಲ್ಲ. ಅಲ್ಲಿಂದ ಹೊರಟ ಜನರು. 1917ರಲ್ಲಿ ಬಿಟ್ಟ ಸಂಬಳಕ್ಕೆ ಪ್ರತಿಯಾಗಿ ಇಷ್ಟು ಜನ ನಮ್ಮ ದೇಶಕ್ಕೆ ಸಿಕ್ಕರು.

ಇನ್ನೊಂದು ಮಾತು. ಹತ್ತನೇ ತರಗತಿ ಮುಗಿದ ಕೂಡಲೇ ನಮ್ಮನ್ನು ವಿಜ್ಞಾನ, ವಾಣಿಜ್ಯ, ಕಲೆ ಎಂದು ಮೂರು ಬಾಗಿಲಿನ ಮೂಲಕ ಕಳಿಸುತ್ತಾರೆ. ಒಮ್ಮೆ ಒಳಗೆ ಹೋದರೆ ಇನ್ನೊಂದು ಕೋಣೆಯಲ್ಲಿ ಏನಿದೆ ಎಂದು ಇಣುಕುವುದನ್ನೂ ಬಿಟ್ಟುಬಿಡುತ್ತೇವೆ. ನಾವೆಲ್ಲ ಲೆಕ್ಕಪತ್ರ ಬಿಟ್ಟು ವಿಜ್ಞಾನಿಗಳಾಗಬೇಕು ಎಂದು ನಾನು ಹೇಳುತ್ತಿಲ್ಲ. ಲೆಕ್ಕಪತ್ರವೂ ಗೌರವದ ಕೆಲಸವೇ, ನನಗೆ ಅದು ಇಷ್ಟ. ಆದರೆ ಹಗಲು ವೋಚರು ನೋಡಿದ ಕಣ್ಣುಗಳೇ ಸಂಜೆ ಬೆಳಕಿನ ಪಟ್ಟೆಗಳನ್ನೂ ನೋಡಿದವು ಎಂಬುದು ನೆನಪಿರಲಿ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಓಪನ್ ಡೇ ಎಂದು ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಈ ಸಲ ವಿಜ್ಞಾನ ವಿಭಾಗದ ಗೆಳೆಯರು ಹೊರಟಾಗ ವಾಣಿಜ್ಯ ವಿಭಾಗದ ನಾವೂ ಜೊತೆಗೆ ಹೋಗೋಣ.